ಹಾರುವ ಕೋಟೆಯೊಳಗಿನ ಹತ್ತು ಮಂದಿ

1943ರ ಆಗಸ್ಟ್ 17. ಪೂರ್ವ ಇಂಗ್ಲೆಂಡಿನ ಬಯಲಿನಲ್ಲಿ ಬೆಳಗಾಗಿದ್ದರೂ ರನ್‌ವೇ ಕಾಣಿಸುತ್ತಿರಲಿಲ್ಲ. ಅಷ್ಟು ದಟ್ಟವಾದ ಮಂಜು. ಅಮೆರಿಕದ ಎಂಟನೆಯ ವಾಯುಸೇನೆಯ 376 ಭಾರಿ ಬಾಂಬರ್ ವಿಮಾನಗಳು ಹೊಟ್ಟೆ ತುಂಬ ಪೆಟ್ರೋಲು, ಬಾಂಬು ತುಂಬಿಕೊಂಡು ಹತ್ತಾರು ನಿಲ್ದಾಣಗಳಲ್ಲಿ ಕಾದು ನಿಂತಿದ್ದವು. ಅಂದಿನ ಗುರಿ ಜರ್ಮನಿಯ ಒಳನಾಡಿನ ಎರಡು ಊರುಗಳು. ಒಂದು ರೇಗೆನ್ಸ್‌ಬರ್ಗ್. ಅಲ್ಲಿ ಮೆಸ್ಸರ್‌ಶ್ಮಿಟ್ ಯುದ್ಧವಿಮಾನಗಳ ಕಾರ್ಖಾನೆ. ಇನ್ನೊಂದು ಶ್ವೈನ್‌ಫರ್ಟ್. ಅಲ್ಲಿ ಬಾಲ್ ಬೇರಿಂಗ್ ತಯಾರಾಗುತ್ತಿತ್ತು. ಬೇರಿಂಗ್ ಇಲ್ಲದೆ ಟ್ಯಾಂಕೂ ಇಲ್ಲ, ವಿಮಾನವೂ ಇಲ್ಲ ಎಂಬುದು ಯೋಜಕರ ಲೆಕ್ಕ.

ಯೋಜನೆ ಕಾಗದದ ಮೇಲೆ ಸೊಗಸಾಗಿತ್ತು. ರೇಗೆನ್ಸ್‌ಬರ್ಗ್ ದಂಡು ಮೊದಲು ಹೋಗಬೇಕು. ಜರ್ಮನ್ ಫೈಟರ್‌ಗಳೆಲ್ಲ, ಅಂದರೆ ಬಾಂಬರ್‌ಗಳನ್ನು ಬೇಟೆಯಾಡುವ ಚುರುಕಾದ ಚಿಕ್ಕ ವಿಮಾನಗಳು, ಅದರ ಬೆನ್ನು ಹತ್ತಬೇಕು. ಆ ದಂಡು ಇಂಗ್ಲೆಂಡಿಗೆ ವಾಪಸಾಗದೆ ಆಲ್ಪ್ಸ್ ಪರ್ವತ ದಾಟಿ ಉತ್ತರ ಆಫ್ರಿಕಕ್ಕೆ ಹಾರಿಬಿಡಬೇಕು. ಜರ್ಮನರು ಕೆಳಗಿಳಿದು ಪೆಟ್ರೋಲು ತುಂಬಿಸಿಕೊಳ್ಳುತ್ತಿರುವ ಹೊತ್ತಿಗೆ ಶ್ವೈನ್‌ಫರ್ಟ್ ದಂಡು ನುಸುಳಬೇಕು. ಇದೆಲ್ಲ ನಡೆಯಬೇಕಾದರೆ ಎರಡು ದಂಡುಗಳ ನಡುವೆ ಇರಬೇಕಾದದ್ದು ನಿಮಿಷಗಳ ಅಂತರ. ಮಂಜು ಅದನ್ನು ಕೆಡಿಸಿತು. ಮೊದಲ ದಂಡಿನ ನಾಯಕ ಕರ್ನಲ್ ಕರ್ಟಿಸ್ ಲೆಮೇ ತನ್ನ ವೈಮಾನಿಕರಿಗೆ ಮಂಜಿನಲ್ಲಿ ಉಪಕರಣ ನೋಡಿಕೊಂಡೇ ಮೇಲೇರುವ ಅಭ್ಯಾಸ ಮಾಡಿಸಿದ್ದ. ಅವರು ಏರಿದರು. ಎರಡನೆಯ ದಂಡು ನೆಲದಲ್ಲೇ ಉಳಿಯಿತು. ಅದು ಹೊರಟದ್ದು ಮೂರು ಗಂಟೆಗೂ ಹೆಚ್ಚು ತಡವಾಗಿ.

ಆ ಮೂರು ಗಂಟೆಗಳಲ್ಲಿ ಜರ್ಮನ್ ಪೈಲಟ್‌ಗಳು ಕೆಳಗಿಳಿದು, ಪೆಟ್ರೋಲು, ಗುಂಡು ತುಂಬಿಸಿಕೊಂಡು ಮತ್ತೆ ಸಿದ್ಧರಾಗಿದ್ದರು. ಬಾಂಬರ್‌ಗಳಿಗೆ ಕಾವಲಾಗಿ ಬಂದಿದ್ದ ಥಂಡರ್‌ಬೋಲ್ಟ್ ಫೈಟರ್‌ಗಳು ಪೆಟ್ರೋಲು ಸಾಲದೆ ಬೆಲ್ಜಿಯಂ-ಜರ್ಮನಿ ಗಡಿಯ ಹತ್ತಿರವೇ ಹಿಂದಿರುಗಿದವು. ಮುಂದಿನದು ಬಾಂಬರ್‌ಗಳ ಪಾಡು. ಸಂಜೆಯ ಹೊತ್ತಿಗೆ ಮೊದಲ ದಂಡಿನ 146ರಲ್ಲಿ 24, ಎರಡನೆಯ ದಂಡಿನ 230ರಲ್ಲಿ 36 ವಿಮಾನಗಳು ಇಲ್ಲವಾಗಿದ್ದವು. ಒಟ್ಟು 60. ಒಂದೊಂದರಲ್ಲಿ ಹತ್ತು ಮಂದಿ. ಆ ರಾತ್ರಿ ಇಂಗ್ಲೆಂಡಿನ ಶಿಬಿರಗಳಲ್ಲಿ ಸುಮಾರು ಆರು ನೂರು ಹಾಸಿಗೆ ಖಾಲಿ.

ಉರುಳಿದ ಈ ವಿಮಾನಗಳ ಹೆಸರು ಬೋಯಿಂಗ್ ಬಿ-17. ಜನ ಅವನ್ನು ಕರೆಯುತ್ತಿದ್ದುದು ‘ಫ್ಲೈಯಿಂಗ್ ಫೋರ್ಟ್ರೆಸ್’ ಎಂದು. ಹಾರುವ ಕೋಟೆ. ಮೈತುಂಬ ಮಷೀನ್ ಗನ್ ಹೊತ್ತ ಈ ಕೋಟೆಗೆ ಕಾವಲು ಬೇಕಿಲ್ಲ, ತನ್ನನ್ನು ತಾನೇ ಕಾಯ್ದುಕೊಳ್ಳಬಲ್ಲದು ಎಂಬ ನಂಬಿಕೆಯ ಮೇಲೆಯೇ ಇಡೀ ಒಂದು ವಾಯುಸೇನೆ ಕಟ್ಟಲ್ಪಟ್ಟಿತ್ತು.

ನಂಬಿಕೆ ಹುಟ್ಟಿದ್ದು ಯುದ್ಧಕ್ಕೆ ಮುನ್ನ. 1932ರ ನವೆಂಬರ್‌ನಲ್ಲಿ ಬ್ರಿಟನ್ನಿನ ಹಿರಿಯ ರಾಜಕಾರಣಿ ಸ್ಟಾನ್ಲಿ ಬಾಲ್ಡ್‌ವಿನ್, ಯಾರು ಏನೇ ಮಾಡಿದರೂ ಬಾಂಬರ್ ಹೇಗಾದರೂ ಒಳನುಗ್ಗಿಯೇ ತೀರುತ್ತದೆ ಎಂದು ಸಂಸತ್ತಿನಲ್ಲಿ ಹೇಳಿದ್ದ. ಆತ ಹೇಳಿದ್ದು ಹೆದರಿಕೆಯಿಂದ. ಅಮೆರಿಕದ ಅಲಬಾಮ ರಾಜ್ಯದ ವಾಯುಸೇನಾ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಅಧಿಕಾರಿಗಳು ಅದೇ ಮಾತನ್ನು ಸಂತೋಷದಿಂದ ಹೇಳಿದರು. ಅಂದಿನ ಮಟ್ಟಿಗೆ ಅದು ತೀರ ಅವಿವೇಕವೂ ಆಗಿರಲಿಲ್ಲ. ಆಗಿನ ಹೊಸ ಬಾಂಬರ್‌ಗಳು ಫೈಟರ್‌ಗಳಷ್ಟೇ ವೇಗವಾಗಿದ್ದವು. ಮುಗಿಲಲ್ಲಿ ಬರುವ ವಿಮಾನವನ್ನು ಮುಂಚಿತವಾಗಿ ಪತ್ತೆ ಹಚ್ಚುವ ರಾಡಾರ್ ಇನ್ನೂ ಇರಲಿಲ್ಲ. 1935ರ ಜುಲೈನಲ್ಲಿ ಬೋಯಿಂಗ್ ಕಂಪನಿಯ ನಾಲ್ಕು ಎಂಜಿನ್ನಿನ ಹೊಸ ವಿಮಾನ ಸಿಯಾಟಲ್‌ನಲ್ಲಿ ಮೊದಲ ಬಾರಿಗೆ ಹಾರಿತು. ಅದರ ಮೈಮೇಲೆ ಅಲ್ಲಲ್ಲಿ ಇದ್ದ ಗನ್ನುಗಳನ್ನು ಕಂಡು ‘ಹಾರುವ ಕೋಟೆ’ ಎಂದು ಬರೆದವನು ಒಬ್ಬ ಪತ್ರಿಕಾ ವರದಿಗಾರ. ಕಂಪನಿಗೆ ಹೆಸರು ಹಿಡಿಸಿತು. ಹೆಸರು ಇಟ್ಟವನಿಗೆ ಏನೂ ನಷ್ಟವಿರಲಿಲ್ಲ ಬಿಡಿ; ಅದನ್ನು ನಂಬಿ ಹಾರಿದವರು ಬೇರೆಯವರು.

ಯುದ್ಧ ಶುರುವಾದ ನಾಲ್ಕನೆಯ ತಿಂಗಳಿಗೇ ಮೊದಲ ಪಾಠ ಸಿಕ್ಕಿತ್ತು. 1939ರ ಡಿಸೆಂಬರ್ 18ರಂದು ಬ್ರಿಟನ್ನಿನ 22 ವೆಲಿಂಗ್ಟನ್ ಬಾಂಬರ್‌ಗಳು ಹಾಡಹಗಲಲ್ಲೇ ಜರ್ಮನಿಯ ವಿಲ್ಹೆಲ್ಮ್ಸ್‌ಹಾಫೆನ್ ಬಂದರಿನ ಮೇಲೆ ಹೋದವು. ಅವುಗಳ ಮೂತಿಯಲ್ಲೂ ಬಾಲದಲ್ಲೂ ಗನ್ನು ಇದ್ದವು. ಜರ್ಮನರು ಮೂತಿಗೂ ಹೋಗಲಿಲ್ಲ, ಬಾಲಕ್ಕೂ ಹೋಗಲಿಲ್ಲ, ಪಕ್ಕೆಯಿಂದ ಬಂದರು. ಗುಂಡು ತಗುಲಿದರೆ ತೂತನ್ನು ತಾನೇ ಮುಚ್ಚಿಕೊಳ್ಳುವ ಇಂಧನ ಟ್ಯಾಂಕು ಆ ವಿಮಾನಗಳಿಗಿರಲಿಲ್ಲ. 12 ವಿಮಾನಗಳು ನಾಶವಾದವು. ಬ್ರಿಟಿಷರು ಪಾಠ ಕಲಿತು ಕ್ರಮೇಣ ರಾತ್ರಿಯ ಕತ್ತಲಿಗೆ ಸರಿದರು. ಮರುವರ್ಷ ಲಂಡನ್ನಿನ ಮೇಲೆ ಹಗಲು ದಾಳಿ ಮಾಡಿ ಪೆಟ್ಟು ತಿಂದ ಜರ್ಮನರೂ ಹಾಗೇ ಮಾಡಿದರು.

ಅಮೆರಿಕನ್ನರು ಮಾತ್ರ ಆ ಪಾಠ ತಮಗಲ್ಲ ಎಂದುಕೊಂಡರು. ಬ್ರಿಟಿಷರ ಗನ್ನು ಸಣ್ಣದು, ನಮ್ಮದು ದೊಡ್ಡದು. ಅವರು ತಗ್ಗಿನಲ್ಲಿ ಹಾರುತ್ತಾರೆ, ನಾವು 25 ಸಾವಿರ ಅಡಿ ಎತ್ತರದಲ್ಲಿ ಹಾರುತ್ತೇವೆ. ಹಗಲಿನಲ್ಲಿ ಗುರಿ ನೋಡಿ ಹೊಡೆಯುತ್ತೇವೆ ಎಂಬುದು ಅವರ ವಾದ. 1942ರ ಆಗಸ್ಟ್ 17ರಂದು ಇಂಗ್ಲೆಂಡಿನಿಂದ ಹೊರಟ ಅವರ ಮೊದಲ ಭಾರಿ ಬಾಂಬರ್ ದಾಳಿ ಫ್ರಾನ್ಸಿನ ರುವಾನ್ ಊರಿನ ಮೇಲಾಯಿತು. ಹೋದ 12 ವಿಮಾನಗಳೂ ಹಿಂದಿರುಗಿದವು. (ಮುಂಚೂಣಿಯ ವಿಮಾನ ನಡೆಸಿದವನು ಪಾಲ್ ಟಿಬೆಟ್ಸ್, ಮೂರು ವರ್ಷಗಳ ಬಳಿಕ ಹಿರೋಷಿಮಾದ ಮೇಲೆ ಅಣುಬಾಂಬು ಹೊತ್ತು ಹೋದವನೂ ಆತನೇ.) ಆದರೆ ರುವಾನ್ ಹತ್ತಿರದ ಊರು. ಬ್ರಿಟನ್ನಿನ ಸ್ಪಿಟ್‌ಫೈರ್ ಫೈಟರ್‌ಗಳು ಜೊತೆಯಲ್ಲಿದ್ದವು. ಗೆದ್ದದ್ದು ಕೋಟೆಯೋ ಕಾವಲೋ ಎಂದು ಯಾರೂ ಬಿಡಿಸಿ ನೋಡಲಿಲ್ಲ.

ಈ ಕೋಟೆಯ ಒಳಗೆ ಬದುಕು ಹೇಗಿತ್ತು? ಹತ್ತು ಮಂದಿಯಲ್ಲಿ ಇಬ್ಬರು ಪೈಲಟ್‌ಗಳು. ಗಾಜಿನ ಮೂತಿಯಲ್ಲಿ ದಾರಿ ತೋರುವ ನ್ಯಾವಿಗೇಟರ್ ಮತ್ತು ಬಾಂಬು ಹಾಕುವವನು. ಪೈಲಟ್‌ಗಳ ಬೆನ್ನಿಗೇ ಎಂಜಿನಿಯರ್. ಫೈಟರ್ ಕಂಡರೆ ಆತ ನೆತ್ತಿಯ ಮೇಲಿನ ತಿರುಗುವ ಗುಮ್ಮಟದಲ್ಲಿ ಎರಡು ಗನ್ನು ಹಿಡಿಯಬೇಕು. ರೇಡಿಯೋ ನೋಡಿಕೊಳ್ಳುವವನೊಬ್ಬ. ನಡುವಿನಲ್ಲಿ ಎಡಕ್ಕೊಬ್ಬ, ಬಲಕ್ಕೊಬ್ಬ ಗನ್ನರ್. ಬಾಲದ ತುದಿಯಲ್ಲಿ ಮಂಡಿಯೂರಿ ಕೂತು ಹಿಂದಕ್ಕೆ ನೋಡುವವನೊಬ್ಬ. ಹತ್ತನೆಯವನು ಹೊಟ್ಟೆಯ ಕೆಳಗೆ ನೇತಾಡುವ ಲೋಹದ ಗೋಳದೊಳಗೆ. ಆ ಗೋಳದ ಅಡ್ಡಳತೆ ಸುಮಾರು ನಾಲ್ಕು ಅಡಿ. ಅದಕ್ಕೆ ಸಣ್ಣ ಆಳುಗಳನ್ನೇ ಆರಿಸುತ್ತಿದ್ದರು. ವಿಮಾನ ಮೇಲೇರಿದ ಮೇಲೆ ಆತ ಗೋಳದೊಳಗೆ ಇಳಿದು, ಮಂಡಿ ಎದೆಗೆ ಮಡಚಿ, ಎರಡು ಗನ್ನುಗಳ ನಡುವೆ ಗಂಟೆಗಟ್ಟಲೆ ಮುದುಡಿ ಕೂರಬೇಕು. ಪ್ಯಾರಾಚೂಟ್ ಕಟ್ಟಿಕೊಳ್ಳಲು ಸಾಮಾನ್ಯವಾಗಿ ಜಾಗವಿರುತ್ತಿರಲಿಲ್ಲ. ಅದು ಮೇಲೆ ವಿಮಾನದೊಳಗೆ ಇರುತ್ತಿತ್ತು.

ಚಳಿ ಇನ್ನೊಬ್ಬ ಶತ್ರು. ಆ ಎತ್ತರದಲ್ಲಿ ಉಷ್ಣಾಂಶ ಸೊನ್ನೆಗಿಂತ 40-50 ಡಿಗ್ರಿ ಕೆಳಗೆ. ಪಕ್ಕೆಯ ಗನ್ನುಗಳ ಕಿಟಕಿಗಳು ಮೊದಲಿನ ವಿಮಾನಗಳಲ್ಲಿ ತೆರೆದೇ ಇರುತ್ತಿದ್ದವು. ವಿದ್ಯುತ್ತಿನಿಂದ ಬಿಸಿಯಾಗುವ ಉಡುಪು ಕೆಟ್ಟರೆ ಬೆರಳು ಹೋಯಿತು ಎಂದೇ ಅರ್ಥ. ಕೈಗವಸು ತೆಗೆದು ಗನ್ನು ಮುಟ್ಟಿದರೆ ಚರ್ಮ ಲೋಹಕ್ಕೇ ಅಂಟಿಕೊಳ್ಳುತ್ತಿತ್ತು. ಆಮ್ಲಜನಕದ ಮುಖವಾಡದಲ್ಲಿ ಉಸಿರಿನ ತೇವವೇ ಹೆಪ್ಪುಗಟ್ಟಿ ನಳಿಕೆ ಮುಚ್ಚಿದರೆ, ಗೊತ್ತಾಗುವ ಮುಂಚೆಯೇ ಪ್ರಜ್ಞೆ ತಪ್ಪುತ್ತಿತ್ತು. ಇಂಥ ಸ್ಥಿತಿಯಲ್ಲಿ, ಇಪ್ಪತ್ತರ ಆಸುಪಾಸಿನ ಹುಡುಗರು, ಕಣ್ಣೆದುರು ಮಿಂಚಿ ಮಾಯವಾಗುವ ವಿಮಾನಕ್ಕೆ ಗುರಿಯಿಡಬೇಕಾಗಿತ್ತು.

ಒಂಟಿ ಕೋಟೆಗೆ ರಕ್ಷಣೆ ಸಾಲದು ಎಂಬುದು ಬೇಗ ತಿಳಿಯಿತು. ಕೋಟೆಗಳನ್ನು ಒಟ್ಟುಗೂಡಿಸುವ ಉಪಾಯ ರೂಪಿಸಿದವರಲ್ಲಿ ಪ್ರಮುಖ ಅದೇ ಲೆಮೇ. ಆತನ ವ್ಯೂಹಕ್ಕೆ ‘ಕಾಂಬ್ಯಾಟ್ ಬಾಕ್ಸ್’ ಎಂದು ಹೆಸರು. ಹದಿನೆಂಟು-ಇಪ್ಪತ್ತು ವಿಮಾನಗಳು ಒಂದೇ ಮಟ್ಟದಲ್ಲಿ ಹಾರುವುದಿಲ್ಲ. ಕೆಲವು ಮುಂದೆ, ಕೆಲವು ಮೇಲೆ, ಕೆಲವು ಕೆಳಗೆ. ಹೀಗೆ ಜೋಡಿಸಿದರೆ ಒಬ್ಬರ ಗುಂಡು ಇನ್ನೊಬ್ಬರಿಗೆ ತಾಗದೆ ಎಲ್ಲರ ಗನ್ನುಗಳೂ ಹೊರಮುಖವಾಗುತ್ತವೆ. ಇಂಥ ಮೂರು ಪೆಟ್ಟಿಗೆ ಸೇರಿದರೆ 54 ವಿಮಾನ, ಐನೂರಕ್ಕೂ ಹೆಚ್ಚು ಮಷೀನ್ ಗನ್. ಪ್ರತಿ ಗನ್ನೂ ನಿಮಿಷಕ್ಕೆ 700ಕ್ಕೂ ಹೆಚ್ಚು ಗುಂಡು ಉಗುಳುವಂಥದ್ದು. ನೋಡಲು ಅಭೇದ್ಯ. ಆದರೆ ಇದಕ್ಕೊಂದು ಬೆಲೆಯಿತ್ತು. ವ್ಯೂಹ ಮುರಿಯುವಂತಿಲ್ಲ. ಗುಂಡು ಬಂದರೂ ಪಕ್ಕಕ್ಕೆ ಸರಿಯುವಂತಿಲ್ಲ. ಬಾಂಬು ಗುರಿಗೆ ಬೀಳಬೇಕಾದರೆ ಕೊನೆಯ ಕೆಲವು ನಿಮಿಷ ದಾರ ಹಿಡಿದಂತೆ ನೇರವಾಗಿ ಹಾರಬೇಕು. ಕೆಳಗಿನಿಂದ ವಿಮಾನ ನಿರೋಧಕ ಫಿರಂಗಿಗಳು ಸಿಡಿಯುತ್ತಿದ್ದರೂ ಅಷ್ಟೇ. ಎಂಜಿನ್ ಕೆಟ್ಟು ಹಿಂದೆ ಬಿದ್ದ ವಿಮಾನಕ್ಕಾಗಿ ಯಾರೂ ಕಾಯುವಂತಿರಲಿಲ್ಲ. ಫೈಟರ್‌ಗಳು ಮೊದಲು ಹುಡುಕುತ್ತಿದ್ದುದೂ ಅದನ್ನೇ.

ಚಿತ್ರದುರ್ಗದ ಏಳು ಸುತ್ತಿನ ಕೋಟೆಯ ಕಥೆ ಕೇಳಿ ಬೆಳೆದವರಿಗೆ ಮುಂದಿನದು ಅಪರಿಚಿತವಲ್ಲ. ಎಂಥ ಕೋಟೆಗೂ ಒಂದು ಕಿಂಡಿ ಇದ್ದೇ ಇರುತ್ತದೆ, ಹೈದರನ ಸೈನಿಕರಂತೆ ಅದನ್ನು ಹುಡುಕುವವರೂ ಇರುತ್ತಾರೆ. ಹಾರುವ ಕೋಟೆಯ ಕಿಂಡಿ ಹುಡುಕಿದವನು ಎಗಾನ್ ಮಾಯರ್ ಎಂಬ ಜರ್ಮನ್ ಪೈಲಟ್. ಬಾಲದ ಕಡೆಯಿಂದ ಹೋದರೆ ಗನ್ನುಗಳ ಸುರಿಮಳೆ ಎದುರಾಗುತ್ತದೆ. ಮೂತಿಯ ಕಡೆ ಬಲವಾದ ಗನ್ನಿಲ್ಲ ಎಂಬುದನ್ನು ಆತ ಗಮನಿಸಿದ. 1942ರ ನವೆಂಬರ್ 23ರಂದು ಫ್ರಾನ್ಸಿನ ಸೇಂಟ್ ನಜೇರ್ ಬಂದರಿನ ಬಳಿ ತನ್ನ ತಂಡದೊಂದಿಗೆ ಬಾಂಬರ್‌ಗಳಿಗೆ ನೇರ ಎದುರಾಗಿ ನುಗ್ಗಿದ. ಎರಡು ವಿಮಾನಗಳ ವೇಗವೂ ಕೂಡಿ ಗಂಟೆಗೆ 500 ಮೈಲಿಗಿಂತ ಹೆಚ್ಚು. ಗುಂಡು ಹಾರಿಸಲು ಸಿಗುವುದು ಒಂದೆರಡು ಸೆಕೆಂಡು. ಆಮೇಲೆ ಡಿಕ್ಕಿ ತಪ್ಪಿಸಿಕೊಳ್ಳಬೇಕು. ಆದರೆ ಅಷ್ಟೇ ಸಾಕಾಗುತ್ತಿತ್ತು. ಹಿಂದಿನಿಂದ ಹೊಡೆದರೆ ಒಂದು ಬಿ-17 ಉರುಳಿಸಲು 20 ಮಿ.ಮೀ. ಫಿರಂಗಿಯ ಸುಮಾರು 20 ಗುಂಡು ತಗುಲಬೇಕು, ಮುಂದಿನಿಂದಾದರೆ ನಾಲ್ಕೈದು ಸಾಕು ಎಂದು ಜರ್ಮನರು ಅಂದಾಜು ಮಾಡಿದ್ದರು. ಮುಂದೆ ಇದ್ದದ್ದು ಗಾಜು, ಗಾಜಿನ ಹಿಂದೆ ಪೈಲಟ್‌ಗಳು.

ಅಮೆರಿಕನ್ನರು ಕಿಂಡಿ ಮುಚ್ಚಲು ಹೊರಟರು. ಮೊದಲು ಮೂತಿಯ ಗಾಜಿಗೆ ಕೈಯಾರೆ ಗನ್ನು ಸಿಕ್ಕಿಸಿದರು. ಬಳಿಕ 1943ರ ಕೊನೆಯ ಭಾಗದಲ್ಲಿ ಬಂದ ಬಿ-17ಜಿ ಮಾದರಿಯ ಗದ್ದದ ಕೆಳಗೆ ಎರಡು ಗನ್ನುಗಳ ಗುಮ್ಮಟ ಕೂರಿಸಿದರು. ಗನ್ನುಗಳ ಸಂಖ್ಯೆ ಹದಿಮೂರಕ್ಕೆ ಏರಿತು. ಜರ್ಮನರು ಅಷ್ಟರಲ್ಲಿ ಇನ್ನೊಂದು ಹೂಡಿದ್ದರು. ಗನ್ನುಗಳಿಗೆ ಎಟುಕದ ದೂರದಲ್ಲೇ ನಿಂತು, ರೆಕ್ಕೆಯ ಕೆಳಗಿನ ಕೊಳವೆಗಳಿಂದ 21 ಸೆಂ.ಮೀ. ರಾಕೆಟ್ ಹಾರಿಸುವುದು. ಗುರಿ ಕರಾರುವಾಕ್ಕಾಗಿ ಇರಬೇಕೆಂದೇನಿಲ್ಲ. ವ್ಯೂಹದ ನಡುವೆ ಒಂದು ಸಿಡಿದರೆ ಪೈಲಟ್‌ಗಳು ಬೆದರಿ ಚೆದುರುತ್ತಾರೆ. ಚೆದುರಿದ ಮೇಲೆ ಕೋಟೆ ಎಲ್ಲಿ?

ಈ ಹಂತದಲ್ಲಿ ಹುಟ್ಟಿದ ಒಂದು ಪ್ರಯೋಗ ಅರ್ಧ ನಗು, ಅರ್ಧ ಮರುಕ ತರಿಸುವಂಥದು. ಗನ್ನು ಸಾಲದು ತಾನೆ, ಹಾಗಾದರೆ ಬರೀ ಗನ್ನುಗಳದ್ದೇ ಒಂದು ವಿಮಾನ ಇರಲಿ! ವೈಬಿ-40 ಎಂಬ ಹೆಸರಿನಲ್ಲಿ ಸುಮಾರು ಎರಡು ಡಜನ್ ಬಿ-17ಗಳನ್ನು ಹಾಗೆ ಬದಲಾಯಿಸಿದರು. ಬಾಂಬಿನ ಬದಲು ಹೆಚ್ಚಿನ ಗನ್ನು, ರಕ್ಷಾಕವಚ, ರಾಶಿ ರಾಶಿ ಗುಂಡು. 1943ರ ಮೇ ತಿಂಗಳಲ್ಲಿ ಇವು ಬಾಂಬರ್‌ಗಳ ಅಂಗರಕ್ಷಕರಾಗಿ ಹೊರಟವು. ಹೋಗುವಾಗ ಹೇಗೋ ಸರಿಸಮ ಹಾರಿದವು. ಉಳಿದ ವಿಮಾನಗಳು ಬಾಂಬು ಕೆಳಗೆ ಚೆಲ್ಲಿ ಹಗುರಾಗಿ ಮನೆಯ ಕಡೆ ಧಾವಿಸತೊಡಗಿದಾಗ, ಭಾರ ಇಳಿಸಲಾಗದ ಅಂಗರಕ್ಷಕರು ಹಿಂದೆ ಬಿದ್ದರು. ಕಾಯಬೇಕಾದವರನ್ನೇ ಕಾಯಬೇಕಾದ ಸ್ಥಿತಿ. ಕೆಲವೇ ತಿಂಗಳಲ್ಲಿ ಅವುಗಳನ್ನು ಹಿಂತೆಗೆದುಕೊಂಡರು.

ಇಷ್ಟಾದರೂ ನಂಬಿಕೆ ಏಕೆ ಬೇಗ ಸಾಯಲಿಲ್ಲ? ಉತ್ತರ ಒಂದು ತಪ್ಪು ಲೆಕ್ಕದಲ್ಲಿದೆ. ಆಗಸ್ಟ್ 17ರ ಸಂಜೆ ಹಿಂದಿರುಗಿದ ಗನ್ನರ್‌ಗಳು ತಾವು ಉರುಳಿಸಿದ ಶತ್ರು ಫೈಟರ್‌ಗಳು 288 ಎಂದು ವರದಿ ಕೊಟ್ಟರು. ಯುದ್ಧಾನಂತರ ಜರ್ಮನ್ ದಾಖಲೆ ತೆರೆದು ನೋಡಿದಾಗ ಸಿಕ್ಕಿದ್ದು ಸುಮಾರು 27. ಹತ್ತರಲ್ಲಿ ಒಂದರಷ್ಟು. ಹುಡುಗರು ಸುಳ್ಳು ಹೇಳಿರಲಿಲ್ಲ. ಒಂದು ಫೈಟರ್ ಮೇಲೆ ಇಪ್ಪತ್ತು ಮಂದಿ ಒಟ್ಟಿಗೆ ಗುಂಡು ಹಾರಿಸುತ್ತಾರೆ. ಅದು ಹೊಗೆ ಕಾರುತ್ತ ಕೆಳಗೆ ಹೋದರೆ ಪ್ರತಿಯೊಬ್ಬನಿಗೂ ತಾನೇ ಹೊಡೆದೆ ಎನ್ನಿಸುತ್ತದೆ. ಜರ್ಮನ್ ಪೈಲಟ್‌ಗಳು ದಾಳಿ ಮುಗಿಸಿ ತಲೆಕೆಳಗಾಗಿ ಧುಮುಕಿ ಪಾರಾಗುತ್ತಿದ್ದರು. ಮೇಲಿನಿಂದ ನೋಡಿದರೆ ಅದೂ ಬಿದ್ದಂತೆಯೇ. ಎಂಜಿನ್ನಿಗೆ ಒಮ್ಮೆಲೇ ಹೆಚ್ಚು ಪೆಟ್ರೋಲು ಕೊಟ್ಟಾಗ ಬರುವ ಕಪ್ಪು ಹೊಗೆ ಬೆಂಕಿಯಂತೆ ಕಾಣುತ್ತಿತ್ತು. ಮೇಲಧಿಕಾರಿಗಳಿಗೆ ಲೆಕ್ಕ ಹೆಚ್ಚಿರಬಹುದು ಎಂಬ ಅನುಮಾನವಿತ್ತು, ಸ್ವಲ್ಪ ಕಡಿತವನ್ನೂ ಮಾಡುತ್ತಿದ್ದರು. ಹತ್ತು ಪಟ್ಟು ಹೆಚ್ಚಿದೆ ಎಂದು ಊಹಿಸಿರಲಿಲ್ಲ. ಹಾಗಾಗಿ ನಮ್ಮದು 60 ಹೋದರೂ ಅವರದು ಅದಕ್ಕಿಂತ ಎಷ್ಟೋ ಹೆಚ್ಚು ಹೋಗಿದೆ, ಇನ್ನೊಂದು ಪೆಟ್ಟು ಕೊಟ್ಟರೆ ಮುಗಿಯಿತು ಎಂದುಕೊಂಡರು.

ಆ ಇನ್ನೊಂದು ಪೆಟ್ಟು ಕೊಡಲು ಹೋದದ್ದು 1943ರ ಅಕ್ಟೋಬರ್ 14, ಗುರುವಾರ. ಮತ್ತೆ ಶ್ವೈನ್‌ಫರ್ಟ್. ಹೊರಟವು 291. ಬಾರದೆ ಹೋದವು 60. ಬಂದವುಗಳಲ್ಲೂ ಹಲವು ಮತ್ತೆ ಹಾರುವ ಸ್ಥಿತಿಯಲ್ಲಿರಲಿಲ್ಲ. ಅಂದು 186 ಫೈಟರ್ ಉರುಳಿಸಿದೆವು ಎಂದು ಗನ್ನರ್‌ಗಳು ಹೇಳಿದರು. ಜರ್ಮನರು ಕಳೆದುಕೊಂಡದ್ದು ನಲವತ್ತಕ್ಕೂ ಕಡಿಮೆ. ಆ ದಿನ ‘ಕಪ್ಪು ಗುರುವಾರ’ ಎಂದೇ ಇತಿಹಾಸದಲ್ಲಿ ಉಳಿದಿದೆ.

ಆಗಿನ ನಿಯಮದಂತೆ ಒಬ್ಬ ವೈಮಾನಿಕ 25 ದಾಳಿ ಮುಗಿಸಿದರೆ ಮನೆಗೆ ಹೋಗಬಹುದಿತ್ತು. ಪ್ರತಿ ದಾಳಿಯಲ್ಲಿ ನೂರಕ್ಕೆ ಐದು ವಿಮಾನ ಹೋಗುತ್ತವೆ ಎಂದಿಟ್ಟುಕೊಂಡರೆ, ಶುರುವಿನ ನೂರು ತಂಡಗಳಲ್ಲಿ 25ನೆಯ ದಾಳಿ ಮುಗಿಸಿ ಬರುವವು 28. ನೂರಕ್ಕೆ ಇಪ್ಪತ್ತರಂತೆ ಹೋದರೆ, ಕಪ್ಪು ಗುರುವಾರ ಹೋದಂತೆ, ಹತ್ತೇ ದಾಳಿಗೆ ನೂರರಲ್ಲಿ ಹನ್ನೊಂದು ಉಳಿಯುತ್ತವೆ. ಈ ಗುಣಾಕಾರ ಮಾಡಲು ಹುಡುಗರಿಗೆ ದೊಡ್ಡ ಗಣಿತವೇನೂ ಬೇಕಿರಲಿಲ್ಲ. ಊಟದ ಮೇಜಿನಲ್ಲಿ ಖಾಲಿ ಕುರ್ಚಿ ಎಣಿಸಿದರೆ ಸಾಕಿತ್ತು.

ದೊಡ್ಡ ಗಣಿತ ಮಾಡುತ್ತಿದ್ದವರು ಬೇರೆಡೆ ಇದ್ದರು. ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಸೇನೆಗಾಗಿ ದುಡಿಯುತ್ತಿದ್ದ ಸಂಖ್ಯಾಶಾಸ್ತ್ರಜ್ಞರ ಗುಂಪೊಂದಿತ್ತು. ಅದರಲ್ಲಿ ಅಬ್ರಹಾಂ ವಾಲ್ಡ್ ಒಬ್ಬ. ಇಂದಿನ ರುಮೇನಿಯಾದಲ್ಲಿ ಯಹೂದಿ ಕುಟುಂಬದಲ್ಲಿ ಹುಟ್ಟಿ, ನಾಜಿಗಳು ಆಸ್ಟ್ರಿಯ ನುಂಗಿದಾಗ ವಿಯೆನ್ನಾ ಬಿಟ್ಟು ಅಮೆರಿಕ ಸೇರಿದವನು. ಆತನ ಬಂಧುಗಳಲ್ಲಿ ಬಹುಪಾಲು ನಾಜಿಗಳ ಕೈಯಲ್ಲಿ ಸತ್ತರು. ವಿಮಾನದ ಯಾವ ಭಾಗಕ್ಕೆ ಪೆಟ್ಟು ಬಿದ್ದರೆ ಅದು ಉರುಳುತ್ತದೆ ಎಂಬುದು ಆತನ ಮುಂದಿದ್ದ ಪ್ರಶ್ನೆ. ಕೈಯಲ್ಲಿರುವ ಮಾಹಿತಿ ಹಿಂದಿರುಗಿದ ವಿಮಾನಗಳ ತೂತುಗಳದ್ದು ಮಾತ್ರ. ತೂತು ಹೆಚ್ಚು ಇರುವ ಕಡೆ ಕವಚ ಹಾಕಬೇಕು ಎಂದು ಯಾರಿಗಾದರೂ ತೋಚುತ್ತದೆ. ವಾಲ್ಡ್ ಹಿಡಿದ ದಾರಿ ತಿರುವುಮುರುವು. ಶತ್ರುವಿನ ಗುಂಡು ಎಲ್ಲ ಕಡೆಗೂ ಬೀಳುತ್ತದೆ. ಆದರೂ ಹಿಂದಿರುಗಿದ ವಿಮಾನಗಳಲ್ಲಿ ಎಂಜಿನ್ನಿನ ಬಳಿ ತೂತು ಕಡಿಮೆ ಎಂದರೆ, ಅಲ್ಲಿ ಪೆಟ್ಟು ತಿಂದವು ಹಿಂದಿರುಗಲೇ ಇಲ್ಲ. ನೋಡಬೇಕಾದ್ದು ಕಾಣದ ತೂತುಗಳನ್ನು. ಮುಂದೆ ಈ ಕಥೆಗೆ ಉಪ್ಪುಖಾರ ಬಹಳ ಸೇರಿತು. ಜನರಲ್‌ಗಳ ಜೊತೆ ವಾದ ಮಾಡಿದ, ಚಿತ್ರ ಬರೆದು ತೋರಿಸಿದ ಎಂದೆಲ್ಲ ಹೇಳುತ್ತಾರೆ. 1980ರಲ್ಲಿ ಮರುಮುದ್ರಣವಾದ ಆತನ 1943ರ ಟಿಪ್ಪಣಿಗಳಲ್ಲಿ ಇರುವುದು ಬಹುಮಟ್ಟಿಗೆ ಸಮೀಕರಣಗಳೇ. ತರ್ಕ ಮಾತ್ರ ಆತನದೇ. ವಿಧಿಯ ಆಟ ನೋಡಿ: ವಿಮಾನ ಏಕೆ ಬೀಳುತ್ತದೆ ಎಂದು ಲೆಕ್ಕ ಹಾಕಿದ ಈ ಮನುಷ್ಯ ಭಾರತ ಸರ್ಕಾರದ ಆಹ್ವಾನದ ಮೇಲೆ ಉಪನ್ಯಾಸ ನೀಡಲು ಬಂದಿದ್ದಾಗ, 1950ರ ಡಿಸೆಂಬರ್ 13ರಂದು, ಅಂದಿನ ಮೈಸೂರು ಸೀಮೆಗೆ ಹೊಂದಿಕೊಂಡಿರುವ ನೀಲಗಿರಿ ಬೆಟ್ಟಕ್ಕೆ ಏರ್ ಇಂಡಿಯಾ ವಿಮಾನ ಅಪ್ಪಳಿಸಿ ಹೆಂಡತಿಯೊಂದಿಗೆ ಸತ್ತ.

ಕವಚದ ಮಾತು ಬಂದಾಗ ಇನ್ನೊಬ್ಬನನ್ನು ನೆನೆಯಬೇಕು. ಎಂಟನೆಯ ವಾಯುಸೇನೆಯ ವೈದ್ಯ ಮಾಲ್ಕಂ ಗ್ರೋ ಗಾಯಾಳುಗಳನ್ನು ಪರೀಕ್ಷಿಸಿ, ಹೆಚ್ಚಿನ ಗಾಯಗಳು ನಿಧಾನವಾಗಿ ಬಂದು ಚುಚ್ಚುವ ಚೂರುಗಳಿಂದ ಆದವು ಎಂದು ಕಂಡುಕೊಂಡ. ಹಾಗಿದ್ದರೆ ತೆಳುವಾದ ಉಕ್ಕಿನ ಅಂಗಿಯೂ ಜೀವ ಉಳಿಸಬಲ್ಲದು. ಅದನ್ನು ಮಾಡಿಕೊಟ್ಟದ್ದು ಇಂಗ್ಲೆಂಡಿನ ವಿಲ್ಕಿನ್ಸನ್ ಸ್ವೋರ್ಡ್, ಶೇವಿಂಗ್ ಬ್ಲೇಡಿನಿಂದ ನಮಗೆಲ್ಲ ಪರಿಚಿತವಾದ ಅದೇ ಕಂಪನಿ. ನಡುಯುಗ ಕಳೆದು ಶತಮಾನಗಳಾದ ಮೇಲೆ ಯೋಧರು ಮತ್ತೆ ಉಕ್ಕಿನ ಅಂಗಿ ತೊಟ್ಟರು.

ಇತ್ತ ರಾತ್ರಿಗೆ ಸರಿದ ಬ್ರಿಟಿಷರಿಗೂ ನೆಮ್ಮದಿ ಇರಲಿಲ್ಲ. ಜರ್ಮನರು ರಾಡಾರ್ ಹೊತ್ತ ರಾತ್ರಿ ಫೈಟರ್‌ಗಳನ್ನು ತಂದರು. ಅವುಗಳಲ್ಲಿ ಕೆಲವಕ್ಕೆ ಬೆನ್ನಿನ ಮೇಲೆ ಓರೆಯಾಗಿ ಮೇಲ್ಮುಖದ ಫಿರಂಗಿ. ಬಹುತೇಕ ಲ್ಯಾಂಕಾಸ್ಟರ್ ಬಾಂಬರ್‌ಗಳ ಹೊಟ್ಟೆಯ ಕೆಳಗೆ ನೋಡುವವರೇ ಇರಲಿಲ್ಲ. ಜರ್ಮನ್ ಪೈಲಟ್ ಕತ್ತಲಲ್ಲಿ ಸದ್ದಿಲ್ಲದೆ ಕೆಳಗೆ ಬಂದು, ರೆಕ್ಕೆಯ ಇಂಧನ ಟ್ಯಾಂಕಿಗೆ ಗುರಿಯಿಟ್ಟು ಹಾರಿಸಿ ಸರಿದುಬಿಡುತ್ತಿದ್ದ. ಯಾರು ಹೊಡೆದರು ಎಂದು ತಿಳಿಸಲು ಬದುಕಿ ಬಂದವರು ಕಡಿಮೆ. 1944ರ ಮಾರ್ಚ್ 30ರ ರಾತ್ರಿ ನ್ಯೂರೆಂಬರ್ಗ್ ಮೇಲೆ ಹೊರಟ 795ರಲ್ಲಿ 95 ಬಾಂಬರ್‌ಗಳು ಹೋದವು. ಮುಂದೆ ಭೌತವಿಜ್ಞಾನಿಯಾಗಿ ಹೆಸರಾದ ಫ್ರೀಮನ್ ಡೈಸನ್ ಆಗ ಬ್ರಿಟಿಷ್ ಬಾಂಬರ್ ಕಮಾಂಡಿನಲ್ಲಿ ಲೆಕ್ಕ ಹಾಕುವ ಹುಡುಗ. ಸೇರಿದಾಗ ವಯಸ್ಸು ಹತ್ತೊಂಬತ್ತು. ಗನ್ನುಗಳಿಂದ ಉಪಯೋಗವಿಲ್ಲ, ಗುಮ್ಮಟಗಳನ್ನೇ ಕಿತ್ತು ಹಾಕಿ. ವಿಮಾನ ಹಗುರಾಗಿ ವೇಗ ಹೆಚ್ಚುತ್ತದೆ, ಉರುಳಿದರೂ ಏಳು ಮಂದಿಯ ಬದಲು ಐದು ಮಂದಿ ಸಾಯುತ್ತಾರೆ ಎಂಬ ಸಲಹೆ ಆತನದೂ ಆತನ ಜೊತೆಗಾರನದೂ ಆಗಿತ್ತು. ಮೇಲಿನವರು ಕಿವಿಗೊಡಲಿಲ್ಲ. ಗನ್ನರ್ ತನ್ನ ಸಂಗಡಿಗರನ್ನು ಕಾಯುತ್ತಾನೆ ಎಂಬ ಭಾವನೆ ಅಷ್ಟು ಬಲವಾಗಿತ್ತು. ಬಾಂಬರ್ ಕಮಾಂಡಿನ ಸುಮಾರು 1,25,000 ವೈಮಾನಿಕರಲ್ಲಿ 55,573 ಮಂದಿ ಸತ್ತರು.

ಕಡೆಗೆ ಹಗಲಿನ ಬಾಂಬರ್‌ಗಳ ಪಾಲಿಗೆ ಬಾಗಿಲು ತೆರೆದದ್ದು ಅವುಗಳ ಮೈಮೇಲಿನ ಗನ್ನಿನಿಂದಲ್ಲ, ಪೆಟ್ರೋಲಿನ ಟ್ಯಾಂಕಿನಿಂದ. ಪಿ-51 ಮಸ್ಟಾಂಗ್ ಎಂಬ ಫೈಟರನ್ನು ಅಮೆರಿಕದ ಕಂಪನಿಯೊಂದು 1940ರಲ್ಲಿ ಬ್ರಿಟಿಷರಿಗಾಗಿ ರೂಪಿಸಿತ್ತು. ಮೈಕಟ್ಟು ಚೆನ್ನಾಗಿದ್ದರೂ ಎತ್ತರಕ್ಕೆ ಹೋದರೆ ಎಂಜಿನ್ ಏದುಸಿರು ಬಿಡುತ್ತಿತ್ತು. 1942ರಲ್ಲಿ ಬ್ರಿಟಿಷರು ಅದಕ್ಕೆ ರೋಲ್ಸ್ ರಾಯ್ಸ್ ಮರ್ಲಿನ್ ಎಂಜಿನ್ ಕೂರಿಸಿ ನೋಡಿದರು. ಅದು ಬೇರೆಯೇ ವಿಮಾನವಾಯಿತು. ಪೈಲಟ್‌ನ ಬೆನ್ನ ಹಿಂದೆ ಒಂದು ಹೆಚ್ಚಿನ ಟ್ಯಾಂಕು, ರೆಕ್ಕೆಗಳ ಕೆಳಗೆ ಬೇಕಾದಾಗ ಕಳಚಿ ಎಸೆಯುವ ಎರಡು ಟ್ಯಾಂಕು. ಲೋಹದ ಅಭಾವದಲ್ಲಿ ಬ್ರಿಟಿಷರು ಒತ್ತಿದ ಕಾಗದಕ್ಕೆ ರಾಳ, ಅಂಟು ಬಳಿದು ಈ ಟ್ಯಾಂಕು ಮಾಡಿದರು. ಕೆಲವು ಗಂಟೆ ಮಾತ್ರ ಪೆಟ್ರೋಲು ಹಿಡಿದಿಡಬಲ್ಲ ಕಾಗದದ ಟ್ಯಾಂಕು. ಬೇಕಾಗಿದ್ದುದೂ ಕೆಲವೇ ಗಂಟೆ. ಹೀಗೆ ಮಸ್ಟಾಂಗ್ ಬರ್ಲಿನ್‌ವರೆಗೆ ಹೋಗಿ, ಕಾದಾಡಿ, ಹಿಂದಿರುಗುವಂತಾಯಿತು.

ಇದು ಮೊದಲೇ ಏಕೆ ಆಗಲಿಲ್ಲ ಎಂಬ ಪ್ರಶ್ನೆಗೆ ತಂತ್ರಜ್ಞಾನದ ಕಾರಣಗಳನ್ನು ಹೇಳುವವರಿದ್ದಾರೆ. ಅದರಲ್ಲಿ ಸತ್ಯವೂ ಇದೆ. ಆದರೆ ಬಾಂಬರ್ ತನ್ನನ್ನು ತಾನೇ ಕಾಯುತ್ತದೆ ಎಂದು ನಂಬಿದವರಿಗೆ ದೂರ ಹಾರುವ ಕಾವಲುಗಾರ ತುರ್ತಾಗಿ ಬೇಕೆನ್ನಿಸಲಿಲ್ಲ. ಆ ತಡದ ಬೆಲೆ ಶ್ವೈನ್‌ಫರ್ಟ್.

1944ರ ಜನವರಿಯಲ್ಲಿ ಎಂಟನೆಯ ವಾಯುಸೇನೆಗೆ ಜೇಮ್ಸ್ ಡೂಲಿಟಲ್ ಮುಖ್ಯಸ್ಥನಾಗಿ ಬಂದ. ಫೈಟರ್ ವಿಭಾಗದ ಕಚೇರಿಯಲ್ಲಿ ಬಾಂಬರ್‌ಗಳನ್ನು ಜೀವಂತವಾಗಿ ಹಿಂದಕ್ಕೆ ತರುವುದೇ ಮೊದಲ ಕರ್ತವ್ಯ ಎಂಬ ಫಲಕವಿತ್ತು. ಅದನ್ನು ಇಳಿಸಿ, ಜರ್ಮನ್ ಫೈಟರ್‌ಗಳನ್ನು ನಾಶ ಮಾಡುವುದೇ ಮೊದಲ ಕರ್ತವ್ಯ ಎಂದು ಬರೆಸಿದ. ಫೈಟರ್‌ಗಳು ಬಾಂಬರ್‌ಗಳಿಗೆ ಅಂಟಿಕೊಂಡು ಹಾರುವುದನ್ನು ಬಿಟ್ಟು ಮುಂದೆ ಹೋಗಿ ಬೇಟೆಯಾಡತೊಡಗಿದವು. ಬಾಂಬರ್ ಸಿಬ್ಬಂದಿಗೆ ಇದು ಸಿಟ್ಟು ತರಿಸಿತು, ಸಹಜವೇ. ಹುಲಿ ಬೇಟೆಗೆ ಹೋದವರು ಮರಕ್ಕೆ ಮೇಕೆ ಕಟ್ಟುತ್ತಾರಲ್ಲ, ಆ ಮೇಕೆಯ ಸ್ಥಾನ ಅವರದಾಗಿತ್ತು. 1944ರ ಮಾರ್ಚ್ 6ರಂದು ಬರ್ಲಿನ್ ಮೇಲೆ ಹೋದಾಗ 69 ಬಾಂಬರ್‌ಗಳು ಹೋದವು. ಸಂಖ್ಯೆಯಲ್ಲಿ ಕಪ್ಪು ಗುರುವಾರಕ್ಕಿಂತ ಹೆಚ್ಚು. ಆದರೆ ಈಗ ಹೋದದ್ದು ಏಳು ನೂರಕ್ಕೂ ಹೆಚ್ಚು ಬಾಂಬರ್, ಜೊತೆಗೆ ಮೇಕೆಗೆ ಬಾಯಿ ಹಾಕಿದ ಹುಲಿಗಳೂ ಸಾಯುತ್ತಿದ್ದವು. ಆ ವರ್ಷದ ಮೊದಲ ನಾಲ್ಕು ತಿಂಗಳಲ್ಲಿ ಸಾವಿರಕ್ಕೂ ಹೆಚ್ಚು ಹಗಲು ಫೈಟರ್ ಪೈಲಟ್‌ಗಳನ್ನು ಕಳೆದುಕೊಂಡೆವು ಎಂದು ಜರ್ಮನ್ ಫೈಟರ್ ಪಡೆಯ ಮುಖ್ಯಸ್ಥ ಅಡಾಲ್ಫ್ ಗಾಲಂಡ್ ವರದಿ ಮಾಡಿದ. ಎದುರಾಗಿ ನುಗ್ಗುವ ವಿದ್ಯೆ ಕಲಿಸಿದ ಎಗಾನ್ ಮಾಯರ್ ಕೂಡ ಅವರಲ್ಲೊಬ್ಬ. ಕಾರ್ಖಾನೆ ಹೊಸ ವಿಮಾನ ಕೊಡಬಹುದು, ಪಳಗಿದ ಪೈಲಟ್‌ನನ್ನು ಕೊಡಲಾರದು. ಯುದ್ಧ ಮುಗಿಯುವ ಹೊತ್ತಿಗೆ ಎಂಟನೆಯ ವಾಯುಸೇನೆಯೂ 26 ಸಾವಿರಕ್ಕೂ ಹೆಚ್ಚು ಮಂದಿಯನ್ನು ಕಳೆದುಕೊಂಡಿತ್ತು. ಇವರು ಹಾಕಿದ ಬಾಂಬುಗಳ ಕೆಳಗೆ ಸತ್ತ ಊರಿನವರ ಸಂಖ್ಯೆ ಇದಕ್ಕಿಂತ ಎಷ್ಟೋ ಪಾಲು ದೊಡ್ಡದು. ಅವರಿಗೆ ಗನ್ನೂ ಇರಲಿಲ್ಲ, ಉಕ್ಕಿನ ಅಂಗಿಯೂ ಇರಲಿಲ್ಲ.

ಕಾಂಬ್ಯಾಟ್ ಬಾಕ್ಸ್ ಕಟ್ಟಿದ ಲೆಮೇಯೇ ಕೊನೆಗೆ ಗನ್ನಿನ ನಂಬಿಕೆಯನ್ನು ಕೈಬಿಟ್ಟದ್ದು ವಿಚಿತ್ರ. ಜಪಾನಿನ ಮೇಲೆ ಹಾರುತ್ತಿದ್ದ ಬಿ-29 ಬಾಂಬರ್‌ಗಳಲ್ಲಿ ದೂರದಿಂದಲೇ ಯಂತ್ರದ ಮೂಲಕ ತಿರುಗುವ ಅತ್ಯಾಧುನಿಕ ಗುಮ್ಮಟಗಳಿದ್ದವು. 1945ರ ಮಾರ್ಚ್ 9ರ ರಾತ್ರಿ ಆತ ಬಾಲದ ಗನ್ನು ಬಿಟ್ಟು ಉಳಿದ ಗನ್ನು, ಗುಂಡುಗಳನ್ನೆಲ್ಲ ಇಳಿಸಿ, ಆ ಭಾರದ ಜಾಗದಲ್ಲಿ ಇನ್ನಷ್ಟು ಬೆಂಕಿ ಬಾಂಬು ತುಂಬಿ, ತಗ್ಗಿನಲ್ಲಿ ಹಾರಿ ಹೋಗಲು ಹೇಳಿದ. ಒಂದೇ ರಾತ್ರಿಯಲ್ಲಿ ಟೋಕಿಯೋದಲ್ಲಿ ಸುಮಾರು ಒಂದು ಲಕ್ಷ ಜನ ಸತ್ತರು. ಹೊರಟ ಮುನ್ನೂರಕ್ಕೂ ಹೆಚ್ಚು ಬಿ-29ಗಳಲ್ಲಿ ಹೋದವು 14. ಅದೇ ಬಿ-29ಗಳು 1951ರ ಅಕ್ಟೋಬರ್ 23ರಂದು ಕೊರಿಯಾದ ನಮ್ಸಿ ಎಂಬಲ್ಲಿ, ಎಲ್ಲ ಗನ್ನುಗಳೊಂದಿಗೆ ಮತ್ತು ದೊಡ್ಡ ಕಾವಲಿನೊಂದಿಗೆ, ಹಗಲಿನಲ್ಲಿ ಹಾರಿದಾಗ ಮಿಗ್-15 ಜೆಟ್‌ಗಳು ಆ ಸಣ್ಣ ದಂಡಿನಲ್ಲಿ ಮೂರನ್ನು ಕೆಡವಿ ಉಳಿದವುಗಳಲ್ಲಿ ಹೆಚ್ಚಿನವನ್ನು ಜಖಂಗೊಳಿಸಿದವು. ಬಿ-29ಗಳು ಆಮೇಲೆ ರಾತ್ರಿಗೆ ಸರಿದವು, ಹನ್ನೆರಡು ವರ್ಷ ಹಿಂದೆ ಬ್ರಿಟಿಷರು ಸರಿದಂತೆ.

ಆ ಕಾಲದ ಬಾಂಬರ್‌ಗಳ ಒಂದು ಎಳೆ ಬೆಂಗಳೂರಿಗೂ ಬರುತ್ತದೆ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ನೆರವಿನಿಂದ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಿಂದ ಅಮೆರಿಕದ ವಾಯುಸೇನೆಯ ದುರಸ್ತಿ ಕೇಂದ್ರವಾಗಿತ್ತು. ಬಿ-17ರ ಜೊತೆಜೊತೆಗೆ ಜರ್ಮನಿಯ ಮೇಲೆ ಹಾರಿದ ಇನ್ನೊಂದು ಭಾರಿ ಬಾಂಬರ್ ಬಿ-24 ಲಿಬರೇಟರ್. ಯುದ್ಧ ಮುಗಿದ ಮೇಲೆ ಈ ಲಿಬರೇಟರ್‌ಗಳನ್ನು ಮತ್ತೆ ಹಾರದಂತೆ ಹಾಳುಗೆಡವಿ ಕಾನ್ಪುರದಲ್ಲಿ ಬಿಟ್ಟು ಹೋಗಿದ್ದರು. 1948ರಿಂದ ಎಚ್‌ಎಎಲ್ ಕೆಲಸಗಾರರು ಆ ರಾಶಿಯಲ್ಲಿ ಒಂದರ ಬಿಡಿಭಾಗ ಇನ್ನೊಂದಕ್ಕೆ ಜೋಡಿಸಿ ಹಾರುವಷ್ಟು ಸರಿಮಾಡಿದರು. ಕಂಪನಿಯ ಪೈಲಟ್ ಜಮ್‌ಶೆಡ್ ಮುನ್ಷಿ ಅವುಗಳನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದ. ಇಲ್ಲಿ ಪೂರ್ತಿ ರಿಪೇರಿಯಾಗಿ ಸುಮಾರು ನಲವತ್ತು ವಿಮಾನಗಳು ಭಾರತೀಯ ವಾಯುಪಡೆ ಸೇರಿದವು. ಸ್ವತಂತ್ರ ಭಾರತದ ಮೊದಲ ಭಾರಿ ಬಾಂಬರ್‌ಗಳು ಇವೇ. ಮುಂದೆ ಸಮುದ್ರ ಗಸ್ತಿಗೆ ಬಳಕೆಯಾಗಿ 1968ರಲ್ಲಿ ನಿವೃತ್ತಿಯಾದವು. ಅಷ್ಟರಲ್ಲಿ ಬೇರೆ ದೇಶಗಳಲ್ಲಿ ಲಿಬರೇಟರ್‌ಗಳು ಬಹುಪಾಲು ಗುಜರಿಗೆ ಹೋಗಿದ್ದವು. ವಸ್ತುಸಂಗ್ರಹಾಲಯಗಳು ಹುಡುಕಿಕೊಂಡು ಭಾರತಕ್ಕೆ ಬಂದವು. ಬ್ರಿಟನ್ನಿನ ವಾಯುಪಡೆ ಮ್ಯೂಸಿಯಂನಲ್ಲಿರುವ ಲಿಬರೇಟರ್ 1974ರಲ್ಲಿ ಇಲ್ಲಿಂದ ಹೋದದ್ದು. ಅಮೆರಿಕದ ಅರಿಜೋನಾದ ಪಿಮಾ ಮ್ಯೂಸಿಯಂನಲ್ಲಿರುವುದೂ ಭಾರತದಿಂದಲೇ ಹೋಯಿತು. ಒಂದು ದೆಹಲಿಯ ಪಾಲಂನಲ್ಲಿ, ವಾಯುಪಡೆಯ ಸಂಗ್ರಹಾಲಯದಲ್ಲಿದೆ.